ಪರಿಷೆಯಿಂದ ವಾಪಸ್ ಬಂದ ಕಡಲೆಕಾಯಿ: ಕಣಜಕ್ಕೆ ಹಾಕೋ ಮುಂಚೆ ನೋಡಬೇಕಾದ್ದೇನು?

ಕಾರ್ತಿಕ ಮಾಸದ ಕಡೇ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ದೊಡ್ಡ ಬಸವಣ್ಣನ ಗುಡಿ ಮುಂದಿನ ರಸ್ತೆ ಉದ್ದಕ್ಕೂ ರಾಶಿ ಬೀಳುತ್ತೆ. ಕೋಲಾರ, ಚಿಕ್ಕಬಳ್ಳಾಪುರ, ಮಾಗಡಿ, ತುಮಕೂರು ಕಡೆಯಿಂದಲ್ಲದೆ ಆಂಧ್ರ, ತಮಿಳುನಾಡಿನಿಂದಲೂ ಕಾಯಿ ಬರುತ್ತೆ. ಸೇರಿನ ಲೆಕ್ಕದಲ್ಲಿ ಅಳೆದು ಮಾರಿ, ಜನ ಕರಗಿದ ಮೇಲೆ ಮಿಕ್ಕಿದ್ದನ್ನು ಮೂಟೆ ಕಟ್ಟಿ ಊರಿಗೆ ತರ್ತೀವಿ. ಮನೆಯಲ್ಲಿ ಮಾರಾಟಕ್ಕೆ ಇಟ್ಟ ಕಾಯಿ, ಬಿತ್ತನೆಗೆ ಇಟ್ಟ ಕಾಯಿ, ಗಾಣಕ್ಕೆ ಹಾಕೋ ಕಾಯಿ ಬೇರೆ ಇರುತ್ತೆ. ಇದೆಲ್ಲ ಮುಂದಿನ ಐದಾರು ತಿಂಗಳು ಎಲ್ಲೋ ಒಂದು ಕಡೆ ಇರಬೇಕಲ್ಲ?

ಅಲ್ಲಿಂದಲೇ ತೊಂದರೆ ಶುರು. ಸಂಕ್ರಾಂತಿ ಕಳೆದು ಮೂಟೆ ಬಿಚ್ಚಿದಾಗ ಒಂದಷ್ಟು ಕಾಯಿ ಕಪ್ಪಾಗಿರುತ್ತೆ, ಒಡೆದರೆ ಒಳಗೆ ಹಸಿರು ಮಿಶ್ರಿತ ಹಳದಿ ಬೂಷ್ಟು. "ಹೋಗ್ಲಿ ಬಿಡು, ಹಸುಗೆ ಹಾಕಿದ್ರೆ ಆಯ್ತು" ಅಂತ ಮನೆಯಲ್ಲಿ ಯಾರಾದರೂ ಹೇಳೇ ಹೇಳ್ತಾರೆ. ಇನ್ನೊಬ್ಬರು ಗಾಣಕ್ಕೆ ಹಾಕಿಸೋಣ ಅಂತಾರೆ. ಈ ಎರಡೂ ಮಾತು ಯಾಕೆ ಅಪಾಯದ್ದು, ಬೂಷ್ಟು ಬರದ ಹಾಗೆ ಕಾಯಿ, ಕಾಳು, ಹಿಂಡಿ, ಮೇವು ಇಡೋದು ಹೇಗೆ ಅನ್ನೋದು ಈ ವಾರದ ವಿಷಯ.

ಕಾಳು ಹಾಳಾಗೋದು ಯಾಕೆ?

ಕೊಯ್ದ ಮೇಲೂ ಕಾಳಿಗೆ ಜೀವ ಇರುತ್ತೆ. ಅದು ಉಸಿರಾಡುತ್ತೆ. ಉಸಿರಾಡಿದಾಗ ಶಾಖ ಹುಟ್ಟುತ್ತೆ, ಸ್ವಲ್ಪ ನೀರೂ ಹೊರಗೆ ಬರುತ್ತೆ. ಒಣಗಿದ ಕಾಳಿನಲ್ಲಿ ಇದು ಬಹಳ ನಿಧಾನ. ತೇವ ಜಾಸ್ತಿ ಇದ್ದರೆ ಉಸಿರಾಟ ಜೋರಾಗಿ ರಾಶಿಯ ಒಳಗೆ ಬೆಚ್ಚಗಾಗುತ್ತೆ, ಆ ಬಿಸಿಗೆ ಇನ್ನಷ್ಟು ಬೆವರುತ್ತೆ, ಬೂಷ್ಟು ಮತ್ತು ಹುಳು ಎರಡಕ್ಕೂ ಹದವಾದ ಜಾಗ ಸಿಗುತ್ತೆ. ಮೂಟೆಯೊಳಗೆ ಕೈ ತೂರಿಸಿದಾಗ ಬೆಚ್ಚಗೆ ಅನ್ನಿಸಿದರೆ ಒಳಗೆ ಈ ಕೆಲಸ ನಡೀತಿದೆ ಅಂತ ಅರ್ಥ.

ಆದ್ದರಿಂದ ಯಾವ ಕಣಜ, ಯಾವ ಡ್ರಮ್ಮು ಅನ್ನೋ ಪ್ರಶ್ನೆ ಆಮೇಲಿನದು. ತುಂಬೋ ದಿನ ಕಾಳಿನಲ್ಲಿ ತೇವ ಎಷ್ಟಿತ್ತು ಅನ್ನೋದೇ ಮೊದಲ ಪ್ರಶ್ನೆ. ನೂರು ಕೆಜಿ ಕಾಳಿಗೆ ಎಷ್ಟು ಕೆಜಿ ನೀರು ಅನ್ನೋ ಲೆಕ್ಕದಲ್ಲಿ, ತಿಂಗಳುಗಟ್ಟಲೆ ಇಡೋದಕ್ಕೆ ಈ ಮಟ್ಟ ದಾಟಬಾರದು:

- ರಾಗಿ, ಜೋಳ, ಮುಸುಕಿನ ಜೋಳ: ಶೇ. 12
- ಭತ್ತ: ಶೇ. 13
- ತೊಗರಿ, ಅವರೆ, ಹುರುಳಿ, ಕಡಲೆ: ಶೇ. 9ರಿಂದ 10
- ಸಿಪ್ಪೆ ಸಮೇತ ಕಡಲೆಕಾಯಿ: ಶೇ. 8
- ಹಿಂಡಿ, ಚೀಲದ ಪಶು ಆಹಾರ: ಶೇ. 11ರ ಒಳಗೆ

ಕಡಲೆಕಾಯಿಗೆ ಇಷ್ಟು ಕಡಿಮೆ ಯಾಕೆ? ಅದರಲ್ಲಿ ಅರ್ಧದಷ್ಟು ಎಣ್ಣೆ. ಎಣ್ಣೆ ನೀರು ಹಿಡಿಯಲ್ಲ. ಇರೋ ನೀರೆಲ್ಲ ಉಳಿದರ್ಧ ಭಾಗದಲ್ಲೇ ಸೇರಿಕೊಳ್ಳುತ್ತೆ. ರಾಗಿಗೆ ಸರಿಹೋಗೋ ಶೇ. 12ರ ತೇವ ಕಡಲೆಕಾಯಿಗೆ ಬೂಷ್ಟು ಕರೆಯೋ ಮಟ್ಟ.

ಬೂಷ್ಟಿನ ವಿಷ ಹಾಲಿಗೆ ಬರೋ ದಾರಿ

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಯಾವ ರೋಗಾಣುವೂ ಸಿಗಲಿಲ್ಲ. ಹುಡುಕುತ್ತಾ ಹೋದಾಗ ಕಾರಣ ಸಿಕ್ಕಿದ್ದು ಅವುಗಳ ಆಹಾರದಲ್ಲಿ, ಬ್ರೆಜಿಲಿನಿಂದ ತರಿಸಿದ್ದ ಕಡಲೆಕಾಯಿ ಹಿಂಡಿಯಲ್ಲಿ. ಆ ಹಿಂಡಿಯಲ್ಲಿ ಬೆಳೆದಿದ್ದ ಆಸ್ಪರ್ಜಿಲಸ್ ಫ್ಲೇವಸ್ ಅನ್ನೋ ಬೂಷ್ಟಿನ ವಿಷಕ್ಕೆ ಅಫ್ಲಾಟಾಕ್ಸಿನ್ ಅಂತ ಹೆಸರು ಬಂತು. ನಮ್ಮ ದೇಶದಲ್ಲಿ 1974ರಲ್ಲಿ ರಾಜಸ್ಥಾನದ ಬಾನ್ಸ್‌ವಾಡ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳ ಹಳ್ಳಿಗಳಲ್ಲಿ, ಅಕಾಲ ಮಳೆಗೆ ನೆನೆದು ಬೂಷ್ಟು ಹಿಡಿದ ಮುಸುಕಿನ ಜೋಳ ತಿಂದು ಕಾಮಾಲೆ ಬಂದು ನೂರಕ್ಕೂ ಹೆಚ್ಚು ಜನ ಸತ್ತರು. ಈ ವಿಷ ಮೊದಲು ಹೊಡೆಯೋದು ಈಲಿಯನ್ನು, ಅಂದರೆ ಲಿವರನ್ನು. ಸ್ವಲ್ಪ ಸ್ವಲ್ಪ ವರ್ಷಗಟ್ಟಲೆ ಒಳಗೆ ಹೋದರೆ ಲಿವರ್ ಕ್ಯಾನ್ಸರಿಗೂ ಕಾರಣ.

ಈಗ ಹಸುವಿನ ವಿಷಯ. ಬೂಷ್ಟು ಹಿಡಿದ ಕಾಯಿ ಅಥವಾ ಹಿಂಡಿ ತಿಂದ ಹಸು ಅಲ್ಲೇ ಬಿದ್ದು ಸಾಯಲ್ಲ. ಮೇವು ಕಮ್ಮಿ ತಿನ್ನುತ್ತೆ, ಹಾಲು ಇಳಿಯುತ್ತೆ, ಬೆದೆಗೆ ಸರಿಯಾಗಿ ಬರಲ್ಲ. ಕರುಗಳಿಗೆ ಇನ್ನೂ ಜೋರಾಗಿ ತಗಲುತ್ತೆ. ತಿಂದ ವಿಷದಲ್ಲಿ ನೂರಕ್ಕೆ ಒಂದರಿಂದ ಆರು ಪಾಲು ರೂಪ ಬದಲಿಸಿಕೊಂಡು ಹಾಲಿಗೆ ಇಳಿಯುತ್ತೆ. ತಿಂದ ಒಂದು ದಿನದೊಳಗೇ ಹಾಲಿನಲ್ಲಿ ಕಾಣಿಸುತ್ತೆ. ಕಾಯಿಸಿದರೂ ಹೋಗಲ್ಲ, ಮೊಸರು ಮಾಡಿದರೂ ಹೋಗಲ್ಲ. ಆ ಹಾಲು ಮೊದಲು ಕುಡಿಯೋದು ಮನೆ ಮಕ್ಕಳೇ. ಹಾಲಿನಲ್ಲಿ ಇದು ಕೆಜಿಗೆ 0.5 ಮೈಕ್ರೋಗ್ರಾಂ ದಾಟಬಾರದು ಅಂತ ನಮ್ಮ ಆಹಾರ ಸುರಕ್ಷತಾ ನಿಯಮ ಇದೆ. ಒಂದು ಸಮಾಧಾನ ಅಂದರೆ, ಕೆಟ್ಟ ಹಿಂಡಿ ನಿಲ್ಲಿಸಿದರೆ ಮೂರು ನಾಲ್ಕು ದಿನದಲ್ಲಿ ಹಾಲು ಬಹುಮಟ್ಟಿಗೆ ತಿಳಿಯಾಗುತ್ತೆ.

ಗಾಣಕ್ಕೆ ಹಾಕಿಸಿದರೆ? ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲಿ ಉಳಿದು ಮತ್ತೆ ಕೊಟ್ಟಿಗೆಗೇ ಬರುತ್ತೆ. ಒಂದಿಷ್ಟು ಎಣ್ಣೆಗೂ ಹೋಗುತ್ತೆ. ದೊಡ್ಡ ಕಾರ್ಖಾನೆಯಲ್ಲಿ ಎಣ್ಣೆ ಶುದ್ಧೀಕರಿಸುವಾಗ ಅದು ಹೋಗುತ್ತೆ, ಗಾಣದ ಎಣ್ಣೆಗೆ ಆ ಶುದ್ಧೀಕರಣ ಇಲ್ಲ. ಕಾಯಿ ಹುರಿದರೆ ವಿಷ ಸ್ವಲ್ಪ ಇಳಿಯಬಹುದು, ಪೂರ್ತಿ ಹೋಗಲ್ಲ. ಬೂಷ್ಟು ಒರೆಸಿ ಬಿಸಿಲಿಗೆ ಹಾಕಿದರೆ ಕಣ್ಣಿಗೆ ಕಾಣೋದು ಹೋಗುತ್ತೆ ಅಷ್ಟೇ, ಒಳಗಿನ ವಿಷ ಅಲ್ಲೇ ಇರುತ್ತೆ.

ಎಲ್ಲ ಬೂಷ್ಟಿನಲ್ಲೂ ಈ ವಿಷ ಇರಲ್ಲ, ನಿಜ. ಆದರೆ ಯಾವುದರಲ್ಲಿ ಇದೆ ಅಂತ ಕಣ್ಣಿಗೆ ಗೊತ್ತಾಗಲ್ಲ. ಹಾಗಾಗಿ ಬೂಷ್ಟು ಕಂಡ ಕಾಯನ್ನು ವಿಷ ಅಂತಲೇ ಲೆಕ್ಕ ಹಾಕಬೇಕು.

ಒಣಗಿಸೋದು, ಪರೀಕ್ಷೆ ಮಾಡೋದು

ಕಿತ್ತ ದಿನ ಕಡಲೆಕಾಯಿಯಲ್ಲಿ ನೂರಕ್ಕೆ 35ರಿಂದ 50 ಪಾಲು ನೀರು. ಗಿಡ ಕಿತ್ತು ಕಾಯಿ ಮೇಲೆ ಬರೋ ಹಾಗೆ ಬುಡಮೇಲು ಮಾಡಿ ಹೊಲದಲ್ಲೇ ಎರಡು ಮೂರು ದಿನ ಬಿಡಿ. ಕಾಯಿ ಬಿಡಿಸಿದ ಮೇಲೆ ಟಾರ್ಪಾಲಿನ್ ಮೇಲೆ ತೆಳ್ಳಗೆ ಹರಡಿ, ದಿನಕ್ಕೆ ಮೂರು ನಾಲ್ಕು ಸಲ ಕೈಯಾಡಿಸಿ. ಬರೀ ನೆಲಕ್ಕೆ ಹಾಕಿದರೆ ಮಣ್ಣಿನ ತೇವ, ಮಣ್ಣಿನ ಬೂಷ್ಟು ಎರಡೂ ಹತ್ತುತ್ತೆ. ನವೆಂಬರ್, ಡಿಸೆಂಬರಿನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಮಳೆ ಯಾವಾಗ ಬರುತ್ತೋ ಹೇಳಕ್ಕಾಗಲ್ಲ. ಸಂಜೆ ಇಬ್ಬನಿ ಬೀಳೋ ಮುಂಚೆ ರಾಶಿ ಮಾಡಿ ಮುಚ್ಚಿ.

ಪರಿಷೆಯಿಂದ ವಾಪಸ್ ಬಂದ ಮೂಟೆ ಬಗ್ಗೆ ಇನ್ನೂ ಹುಷಾರಾಗಿರಬೇಕು. ಎರಡು ಮೂರು ರಾತ್ರಿ ಫುಟ್‌ಪಾತಿನ ಮೇಲೆ ಇಬ್ಬನಿಯಲ್ಲಿ ಇದ್ದ ಕಾಯಿ ಅದು. ಮನೆಯಲ್ಲಿ ಒಣಗಿಸಿಟ್ಟ ರಾಶಿಗೆ ನೇರವಾಗಿ ಸುರಿದರೆ ಒಂದು ಮೂಟೆ ತೇವ ಹತ್ತು ಮೂಟೆಗೆ ಹರಡುತ್ತೆ. ಎರಡು ದಿನ ಬಿಸಿಲಿಗೆ ಹಾಕಿ, ಪರೀಕ್ಷೆ ಮಾಡಿ, ಆಮೇಲೆ ಸೇರಿಸಿ. ಬೇರೆಯವರ ಕಾಯಿ ಕೊಂಡು ತಂದಿದ್ದರಂತೂ ಬೇರೆಯೇ ಇಡಿ.

ತೇವ ಅಳೆಯೋ ಮೀಟರ್ ಎಪಿಎಂಸಿಯಲ್ಲಿ, ಖರೀದಿ ಕೇಂದ್ರದಲ್ಲಿ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಿಗಬಹುದು. ಮನೆಯಲ್ಲೇ ಮಾಡೋ ಪರೀಕ್ಷೆಗಳೂ ಇವೆ:

- ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಣಗಿದ ಕಾಯಲ್ಲಿ ಬೀಜ ಗಲಗಲ ಅನ್ನಬೇಕು.
- ಬೀಜವನ್ನು ಬೆರಳಲ್ಲಿ ಉಜ್ಜಿ. ಕೆಂಪು ಸಿಪ್ಪೆ ಸುಲಭವಾಗಿ ಉದುರಬೇಕು. ಮುರಿದರೆ ಟಪ್ ಅಂತ ಮುರಿಯಬೇಕು, ಬಾಗಬಾರದು.
- ರಾಗಿ, ಜೋಳ, ಭತ್ತಕ್ಕೆ ಉಪ್ಪಿನ ಪರೀಕ್ಷೆ. ಒಣಗಿದ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಕಾಳು, ಎರಡು ಚಮಚ ಒಣ ಪುಡಿ ಉಪ್ಪು ಹಾಕಿ ಮುಚ್ಚಿ. ಒಂದೆರಡು ನಿಮಿಷ ಅಲ್ಲಾಡಿಸಿ, ಹತ್ತು ನಿಮಿಷ ಬಿಡಿ. ಉಪ್ಪು ಬಾಟಲಿ ಒಳಗಡೆ ಅಂಟಿಕೊಂಡರೆ ತೇವ ಶೇ. 15ಕ್ಕಿಂತ ಜಾಸ್ತಿ. ಅಂಟದೆ ಇದ್ದರೆ ಶೇ. 15ಕ್ಕಿಂತ ಕಮ್ಮಿ ಅಂತ ಮಾತ್ರ ಅರ್ಥ, ಮತ್ತೂ ಒಂದೆರಡು ದಿನ ಒಣಗಿಸೋದು ಒಳ್ಳೇದು.

"ಜಾಸ್ತಿ ಒಣಗಿಸಿದರೆ ತೂಕ ಹೋಗುತ್ತೆ" ಅನ್ನೋದು ಬಹಳ ಜನರ ಮಾತು. ಲೆಕ್ಕ ನೋಡಿ. ಶೇ. 12 ತೇವದ ನೂರು ಕೆಜಿ ಕಾಯನ್ನು ಶೇ. 8ಕ್ಕೆ ಇಳಿಸಿದರೆ ಉಳಿಯೋದು 95 ಕೆಜಿಗಿಂತ ಸ್ವಲ್ಪ ಜಾಸ್ತಿ. ಹೋಗೋದು ನಾಲ್ಕೂವರೆ ಕೆಜಿಯ ಒಳಗೆ, ಅದೂ ನೀರು. ನಾಳೆಯೇ ಮಾರೋದಾದರೆ ಅದು ನಿಮ್ಮ ಇಷ್ಟ. ಮಾರ್ಚಿಯವರೆಗೆ ಇಡೋದಾದರೆ ಆ ನಾಲ್ಕು ಕೆಜಿ ಆಸೆಗೆ ಇಡೀ ಮೂಟೆಯನ್ನು ಪಣಕ್ಕಿಟ್ಟ ಹಾಗೆ.

ತುಂಬೋ ಮುಂಚೆ ಮೊರದಲ್ಲಿ ಹಾಕಿ ಆರಿಸಿ. ಜೊಳ್ಳು, ಒಡೆದಿದ್ದು, ಹುಳು ತೂತು ಬಿದ್ದಿದ್ದು, ಬಣ್ಣ ಕೆಟ್ಟಿದ್ದು ಎಲ್ಲ ತೆಗೀರಿ. ಈ ವಿಷ ಎಲ್ಲ ಕಾಯಲ್ಲೂ ಸಮವಾಗಿ ಇರಲ್ಲ, ಸಾವಿರದಲ್ಲಿ ಕೆಲವೇ ಕಾಯಲ್ಲಿ ಬಹಳ ಜಾಸ್ತಿ ಇರುತ್ತೆ. ಅದಕ್ಕೇ ಕೂತು ಆರಿಸೋ ಕೆಲಸಕ್ಕೆ ಇಷ್ಟು ಬೆಲೆ.

ಹಗೇವಿನಲ್ಲಿ ರಾಗಿ ಕೆಡುತ್ತಿರಲಿಲ್ಲ, ಯಾಕೆ?

ಹಳೇ ಮೈಸೂರು ಸೀಮೆಯಲ್ಲಿ ರಾಗಿಗೆ, ಉತ್ತರ ಕರ್ನಾಟಕದಲ್ಲಿ ಜೋಳಕ್ಕೆ ಹಗೇವು ಇತ್ತು. ನೀರು ನಿಲ್ಲದ ಎತ್ತರದ ಗಟ್ಟಿ ನೆಲ ನೋಡಿ ಗುಂಡಿ ತೋಡೋದು, ಬಾಯಿ ಒಬ್ಬ ಮನುಷ್ಯ ಇಳಿಯೋಷ್ಟು ಕಿರಿದು, ಹೊಟ್ಟೆ ಅಗಲ. ಒಳಗೆ ಸುತ್ತ ಹುಲ್ಲು ಹೊದಿಸಿ, ರಾಗಿ ತುಂಬಿ, ಮೇಲೆ ಚಪ್ಪಡಿ ಇಟ್ಟು ಮಣ್ಣು ಮೆತ್ತೋರು. ಒಳಗಿದ್ದ ಅಷ್ಟಿಷ್ಟು ಗಾಳಿಯ ಆಮ್ಲಜನಕವನ್ನು ಕಾಳು, ಹುಳು ಉಸಿರಾಡಿಯೇ ಮುಗಿಸುತ್ತಿದ್ದವು. ಇಂಗಾಲದ ಡೈಆಕ್ಸೈಡ್ ತುಂಬಿಕೊಂಡು ಹುಳು ಸಾಯೋದು. ನೆಲದ ಒಳಗೆ ಬಿಸಿಲು, ಚಳಿಯ ಏರುಪೇರೂ ಇಲ್ಲ. ರಾಗಿ ವರ್ಷಗಟ್ಟಲೆ ಇರುತ್ತಿತ್ತು, ಬರಗಾಲದಲ್ಲಿ ಅದೇ ಕೈಹಿಡಿಯುತ್ತಿತ್ತು.

ಇವತ್ತು ಅಂಗಡಿಯಲ್ಲಿ ಸಿಗೋ ಗಾಳಿಯಾಡದ ಪದರದ ಚೀಲ, ಮುಚ್ಚಳ ಬಿಗಿಯಾದ ತಗಡಿನ ಕಣಜ, ಪ್ಲಾಸ್ಟಿಕ್ ಡ್ರಮ್ಮು ಎಲ್ಲ ಮಾಡೋದು ಹಗೇವಿನ ಕೆಲಸವನ್ನೇ. ದೆಹಲಿಯ ಪೂಸಾ ಸಂಸ್ಥೆಯ "ಪೂಸಾ ಕಣಜ"ವೂ ಅಷ್ಟೇ: ಎರಡು ಪದರ ಇಟ್ಟಿಗೆ ಗೋಡೆ, ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆ.

ಹಳೆ ಹಗೇವು ಇನ್ನೂ ಇರೋ ಮನೆಯವರಿಗೆ ಒಂದು ಮಾತು. ಬಾಯಿ ತೆಗೆದ ತಕ್ಷಣ ಯಾರನ್ನೂ ಇಳಿಸಬೇಡಿ. ಒಳಗೆ ಉಸಿರಾಡೋ ಗಾಳಿ ಇರಲ್ಲ, ಇಳಿದವರು ಕೂಗೋಕೂ ಆಗದೆ ಬೀಳ್ತಾರೆ, ಎತ್ತೋಕೆ ಇಳಿದವರೂ ಬೀಳ್ತಾರೆ. ಒಂದು ದಿನ ಪೂರ್ತಿ ತೆರೆದಿಡಿ. ದೀಪ ಇಳಿಬಿಟ್ಟು ನೋಡಿ, ಆರಿದರೆ ಇಳಿಯಲೇಬೇಡಿ. ಆರದಿದ್ದರೂ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಂತಿರಬೇಕು.

ಎಲ್ಲಿ ತುಂಬೋದು?

ಗೋಣಿಚೀಲ: ಗಾಳಿ ಆಡುತ್ತೆ, ಅಗ್ಗ, ಆದರೆ ಮಳೆಗಾಲದ ತೇವ, ಇಲಿ, ಹುಳು ಯಾವುದನ್ನೂ ತಡೆಯಲ್ಲ. ಹಳೆ ಚೀಲ ಆದರೆ ಕುದಿಯೋ ನೀರಲ್ಲಿ ಅದ್ದಿ ಚೆನ್ನಾಗಿ ಒಣಗಿಸಿ. ನೆಲಕ್ಕೆ ತಾಗದ ಹಾಗೆ ಹಲಗೆ ಮೇಲೆ, ಗೋಡೆಯಿಂದ ಎರಡು ಅಡಿ ಬಿಟ್ಟು ಜೋಡಿಸಿ. ಕಡಲೆಕಾಯಿ ಮೂಟೆ ತೀರಾ ಎತ್ತರಕ್ಕೆ ಪೇರಿಸಿದರೆ ಕೆಳಗಿನ ಕಾಯಿ ಒಡೆಯುತ್ತೆ, ಒಡೆದ ಕಾಯಿಗೆ ಬೂಷ್ಟು ಬೇಗ.

ಡ್ರಮ್ಮು, ತಗಡಿನ ಕಣಜ: 200 ಲೀಟರ್ ಡ್ರಮ್ಮಿನಲ್ಲಿ ರಾಗಿ ಸುಮಾರು 150 ಕೆಜಿ ಹಿಡಿಯುತ್ತೆ. ಸಿಪ್ಪೆ ಸಮೇತ ಕಡಲೆಕಾಯಿ ಆದರೆ 50 ಕೆಜಿ ಆಸುಪಾಸು. ಬಿಸಿಲಿಂದ ತಂದ ಕಾಳನ್ನು ನೆರಳಲ್ಲಿ ಆರಿಸಿ, ತಣ್ಣಗಾದ ಮೇಲೆ ತುಂಬಿ. ಬಾಯಿಮಟ್ಟ ತುಂಬಿದರೆ ಒಳಗೆ ಗಾಳಿ ಕಮ್ಮಿ. ತೇವ ಇರೋ ಕಾಳನ್ನು ಮಾತ್ರ ಯಾವತ್ತೂ ಮುಚ್ಚಿಡಬೇಡಿ, ಗೋಣಿಯಲ್ಲಿ ಇದ್ದಿದ್ದರೆ ಅರ್ಧ ಕೆಡೋದು ಡ್ರಮ್ಮಿನಲ್ಲಿ ಪೂರ್ತಿ ಕೆಡುತ್ತೆ.

ತಗಡಿನ ಕಣಜವನ್ನು ಬಯಲಲ್ಲಿ ಇಡಬೇಡಿ. ಹಗಲು ತಗಡು ಕಾಯುತ್ತೆ, ರಾತ್ರಿ ತಣ್ಣಗಾಗುತ್ತೆ. ಒಳಗಿನ ಬೆಚ್ಚನೆ ಗಾಳಿ ಮೇಲೇರಿ ತಣ್ಣನೆ ಮುಚ್ಚಳಕ್ಕೆ ತಾಗಿ ಹನಿಯಾಗಿ ಕಾಳಿನ ಮೇಲೆ ಬೀಳುತ್ತೆ. ಕೆಳಗೆಲ್ಲ ಚೆನ್ನಾಗಿದ್ದು ಮೇಲಿನ ಒಂದು ಗೇಣು ಮಾತ್ರ ಗಟ್ಟಿಕಟ್ಟಿ ಬೂಷ್ಟು ಬಂದಿದ್ದರೆ ಕಾರಣ ಇದೇ. ಬಿಸಿಲು ಬೀಳದ ಮಾಡಿನ ಕೆಳಗೆ ಇಡಿ, ಮೊದಲ ಎರಡು ತಿಂಗಳು ಹದಿನೈದು ದಿನಕ್ಕೊಮ್ಮೆ ಮುಚ್ಚಳ ತೆಗೆದು ಮೂಸಿ ನೋಡಿ. ಮುಗ್ಗಲು ವಾಸನೆ, ಕಮಟು ವಾಸನೆ ಬಂದರೆ ಹೊರಗೆ ತೆಗೆದು ಒಣಗಿಸಿ.

ಬಿತ್ತನೆ ಕಾಯನ್ನು ಸಿಪ್ಪೆ ಸಮೇತವೇ ಇಡಿ, ಬಿಡಿಸೋದು ಬಿತ್ತನೆಯ ವಾರದಲ್ಲಿ. ಬೀಜದ ತೇವ ಒಂದು ಪಾಲು ಇಳಿದರೆ ಅದರ ಆಯುಷ್ಯ ಹೆಚ್ಚುಕಮ್ಮಿ ಎರಡರಷ್ಟಾಗುತ್ತೆ ಅನ್ನೋದು ಬೀಜ ತಜ್ಞರು ಬಳಸೋ ಅಂದಾಜು.

ಹುಳು ಹೊಡೆಯೋಕೆ ಅಂತ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಮನೆಯೊಳಗಿನ ಕಣಜಕ್ಕೆ ಹಾಕಬೇಡಿ. ಅದರಿಂದ ಬರೋ ಗಾಳಿ ಮಲಗಿದವರನ್ನು ಮಲಗಿದ ಹಾಗೇ ಕೊಲ್ಲುತ್ತೆ. ತರಬೇತಿ ಪಡೆದವರಿಗೆ ಮಾತ್ರ ಬಳಸೋಕೆ ಅನುಮತಿ ಇರೋ ಔಷಧಿ ಅದು. ಚೆನ್ನಾಗಿ ಒಣಗಿಸಿ ಗಾಳಿಯಾಡದ ಹಾಗೆ ಮುಚ್ಚಿದರೆ ಅದರ ಅಗತ್ಯವೇ ಬರಲ್ಲ. ತೊಗರಿಗೆ ಕೆಮ್ಮಣ್ಣು ಕಟ್ಟೋದು, ಬೇಳೆಗೆ ಹರಳೆಣ್ಣೆ ಸವರೋದು ಇವತ್ತಿಗೂ ಒಳ್ಳೆ ಪದ್ಧತಿಗಳೇ.

ಇಲಿ ಬಿಡೋ ಸಂದು

ಪರಿಷೆ ನಡೆಯೋ ಬಸವನಗುಡಿ, ಅತ್ತ ಮಲ್ಲೇಶ್ವರ, ಈ ಎರಡು ಬಡಾವಣೆಗಳ ಅಗಲ ರಸ್ತೆ, ಗಾಳಿ ಬೆಳಕಿನ ಮನೆಗಳ ಹಿಂದೆ ಇಲಿಯ ಕಥೆಯೂ ಇದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಕ್ಕಟ್ಟಾದ ಪೇಟೆಯಲ್ಲಿ ಮನೆ, ಅಂಗಡಿ, ಧಾನ್ಯದ ಮೂಟೆ ಎಲ್ಲ ಒತ್ತೊತ್ತಾಗಿದ್ದವು. ಪ್ಲೇಗಿನ ನಂತರ ಜನರನ್ನು ಬಿಡಿಬಿಡಿಯಾಗಿ ನೆಲೆಗೊಳಿಸೋಕೆ ಈ ಬಡಾವಣೆಗಳು ಬೆಳೆದವು. ಕಾಳು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ರೋಗ. ಈಗ ಪ್ಲೇಗು ಇಲ್ಲದಿದ್ದರೂ ಇಲಿಯ ಮೂತ್ರದಿಂದ ಬರೋ ಇಲಿ ಜ್ವರ ಇದೆ.

ಇಲಿ ತಿನ್ನೋದಕ್ಕಿಂತ ಹೊಲಸು ಮಾಡೋದು ಜಾಸ್ತಿ. ಹೆಬ್ಬೆರಳು ಹೋಗೋ ಸಂದಿದ್ದರೆ ಇಲಿ ನುಗ್ಗುತ್ತೆ, ಚಿಟ್ಟಿಲಿಗೆ ಕಿರುಬೆರಳು ಹೋಗೋ ಸಂದು ಸಾಕು. ಬಾಗಿಲ ಕೆಳಗೆ ತಗಡು ಹೊಡೆಯಿರಿ. ಕಣಜವನ್ನು ಎರಡೂವರೆ ಮೂರು ಅಡಿ ಎತ್ತರದ ಕಲ್ಲುಕಂಬದ ಮೇಲೆ ಇಟ್ಟು, ಕಂಬಕ್ಕೆ ಬೋರಲು ಹಾಕಿದ ತಗಡಿನ ಕೊಳವಿ ಹಾಕಿದರೆ ಇಲಿ ಹತ್ತಲ್ಲ. ಗೋಡೆಗೆ ಒರಗಿಸಿಟ್ಟ ಏಣಿ, ಸೌದೆ ತೆಗೆದುಬಿಡಿ.

ಹಿಂಡಿ, ಬೂಸಾ, ಪಶು ಆಹಾರ

ಹಳ್ಳಿಯ ಕೊಟ್ಟಿಗೆಯಾಗಲಿ, ಚಾಮರಾಜಪೇಟೆಯ ಗಲ್ಲಿಯಲ್ಲಿ ಒಂದೆರಡು ಹಸು ಕಟ್ಟಿಕೊಂಡವರ ಮನೆಯಾಗಲಿ, ಹಿಂಡಿ ಚೀಲ ಇರೋದು ಸಾಮಾನ್ಯವಾಗಿ ಹಸು ಪಕ್ಕದಲ್ಲೇ, ಗಂಜಲ ಹರಿಯೋ ನೆಲದ ಮೇಲೆ. ಪುಡಿ ಮಾಡಿದ ಆಹಾರ ಇಡೀ ಕಾಳಿಗಿಂತ ಬೇಗ ತೇವ ಎಳೆಯುತ್ತೆ. ಆದ್ದರಿಂದ:

- ಒಂದು ತಿಂಗಳಿಗೆ ಆಗೋಷ್ಟು ಮಾತ್ರ ತನ್ನಿ. ಮಳೆಗಾಲದಲ್ಲಿ ಇನ್ನೂ ಕಮ್ಮಿ.
- ಮೊದಲು ಬಂದ ಚೀಲ ಮೊದಲು ಖರ್ಚಾಗಲಿ. ಹಳೇದರ ಮೇಲೆ ಹೊಸದು ಪೇರಿಸಬೇಡಿ.
- ಬಿಚ್ಚಿದ ಚೀಲವನ್ನು ಮುಚ್ಚಳ ಇರೋ ಡ್ರಮ್ಮಿಗೆ ಹಾಕಿ. ಡ್ರಮ್ಮು ಖಾಲಿಯಾದಾಗ ತಳ ಕೆರೆದು ತೊಳೆದು ಒಣಗಿಸಿ, ಆಮೇಲೆ ಹೊಸದು ತುಂಬಿ.
- ಗಂಟು ಕಟ್ಟಿದ್ದು, ಒಳಗೆ ಬೆಚ್ಚಗಿರೋದು, ಮುಗ್ಗಲು ವಾಸನೆ ಬರೋದು ಹಾಕಬೇಡಿ. ಗಂಟು ಒಡೆದು ಬೆರೆಸೋದೂ ಬೇಡ.
- ಹಿಂಡಿ ಕೊಳ್ಳುವಾಗ ಒಂದು ತುಂಡು ಮುರಿದು ಒಳಗೆ ನೋಡಿ.

ರಸಮೇವಿಗೆ ಲೆಕ್ಕ ಉಲ್ಟಾ

ಇಷ್ಟು ಹೊತ್ತು ಒಣಗಿಸಿ ಅಂದೆವು. ರಸಮೇವು, ಅಂದರೆ ಸೈಲೇಜ್, ಬೇರೆ ದಾರಿ. ಇಲ್ಲಿ ಹಸಿರು ಮೇವನ್ನು ತೇವ ಇರೋ ಹಾಗೇ, ಶೇ. 65ರಿಂದ 70ರ ತೇವದಲ್ಲಿ, ಸಣ್ಣಗೆ ಕತ್ತರಿಸಿ ಗಾಳಿಯೇ ಇಲ್ಲದ ಹಾಗೆ ತುಳಿದು ಮುಚ್ಚೋದು. ಗಾಳಿ ಇಲ್ಲದ ಕಡೆ ಬೆಳೆಯೋ ಒಳ್ಳೆ ಬ್ಯಾಕ್ಟೀರಿಯಾ ಮೇವಿನ ಸಕ್ಕರೆಯನ್ನು ಹುಳಿ ಮಾಡುತ್ತೆ. ಆ ಹುಳಿಯಲ್ಲಿ ಕೊಳೆಸೋ ಜೀವಿಗಳು ಬದುಕಲ್ಲ. ಮುಸುಕಿನ ಜೋಳದ ಕಾಳು ಹಾಲು ಗಟ್ಟಿಯಾಗೋ ಹದದಲ್ಲಿ ಕೊಯ್ದರೆ ಸರಿ, 45 ದಿನಕ್ಕೆ ತೆಗೆದು ಹಾಕಬಹುದು.

ಎರಡು ಹಸು ಇರೋರು ಗುಂಡಿ ತೋಡೋ ಮುಂಚೆ ಈ ಲೆಕ್ಕ ಮಾಡಿ. ಹಸುವಿಗೆ ದಿನಕ್ಕೆ 15 ಕೆಜಿ ಅಂದರೆ ಎರಡಕ್ಕೆ ಮೂರು ತಿಂಗಳಿಗೆ 2,700 ಕೆಜಿ. 10 ಅಡಿ ಉದ್ದ, 5 ಅಡಿ ಅಗಲ, 4 ಅಡಿ ಆಳದ ಗುಂಡಿ ಸಾಕು. ಆದರೆ ಆ ಗುಂಡಿಯಿಂದ ದಿನಕ್ಕೆ ತೆಗೆಯೋದು ಒಂದೂವರೆ ಇಂಚಿಗಿಂತ ಕಮ್ಮಿ ದಪ್ಪ. ಗಾಳಿ ತಾಗಿದ ಮುಖ ಕೆಡಬಾರದು ಅಂದರೆ ದಿನಕ್ಕೆ ನಾಲ್ಕರಿಂದ ಆರು ಇಂಚು ತೆಗೆಯಬೇಕು. ಹಾಗಾಗಿ ಎರಡು ಮೂರು ಹಸುವಿನ ಮನೆಗೆ ಗುಂಡಿಗಿಂತ ದಪ್ಪ ಪ್ಲಾಸ್ಟಿಕ್ ಚೀಲ ಅಥವಾ ಡ್ರಮ್ಮು ವಾಸಿ. ಬಿಗಿಯಾಗಿ ತುಳಿದರೆ 200 ಲೀಟರ್ ಡ್ರಮ್ಮಿನಲ್ಲಿ ನೂರು ಕೆಜಿ ಹಿಡಿಯುತ್ತೆ, ಬಿಚ್ಚಿದ್ದು ಮೂರು ದಿನಕ್ಕೆ ಮುಗಿಯುತ್ತೆ. ಬಿಳಿ, ಹಸಿರು ಬೂಷ್ಟು ಕಂಡ ಭಾಗ ಇದರಲ್ಲೂ ಎಸೀಬೇಕು.

ಕಾಳಾದರೆ ಪೂರ್ತಿ ಒಣಗಿರಬೇಕು, ರಸಮೇವಾದರೆ ಗಾಳಿ ಪೂರ್ತಿ ಹೋಗಿರಬೇಕು. ಅರ್ಧ ಒಣಗಿದ ಕಾಯಿ, ಅರ್ಧ ತುಳಿದ ಮೇವು, ಬೂಷ್ಟು ಬರೋದು ಈ ಎರಡರಲ್ಲೇ.

ಆಗಲೇ ಬೂಷ್ಟು ಬಂದಿದ್ದರೆ?

ಮೂಟೆಯಲ್ಲಿ ಅಲ್ಲೊಂದು ಇಲ್ಲೊಂದು ಕೆಟ್ಟಿದ್ದರೆ ಆರಿಸಿ ತೆಗೆದು, ಉಳಿದಿದ್ದನ್ನು ಮತ್ತೆ ಒಣಗಿಸಿ ಬೇಗ ಖರ್ಚು ಮಾಡಿ. ಆರಿಸುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಧೂಳು ಒಳಗೆ ಹೋಗಬಾರದು. ಮೂಟೆ ತುಂಬಾ ಹರಡಿದ್ದರೆ ಆ ಮೂಟೆಯ ಆಸೆ ಬಿಡಿ. ಕೆಟ್ಟಿದ್ದನ್ನು ಕೊಟ್ಟಿಗೆಯಿಂದ ದೂರ ಗುಂಡಿ ತೋಡಿ ಆಳವಾಗಿ ಹೂಳಿ. ಕೋಳಿಗೆ ಹಾಕಬೇಡಿ, ಕೋಳಿಗಂತೂ ಹಸುಗಿಂತ ಬೇಗ ತಗಲುತ್ತೆ. ನಿಮಗೆ ಬೇಡದ್ದನ್ನು ಕಮ್ಮಿ ರೇಟಿಗೆ ಹಿಂಡಿ ಮಾಡೋರಿಗೆ ಕೊಟ್ಟರೆ ಅದು ಇನ್ಯಾರದೋ ಹಸುವಿನ ಹೊಟ್ಟೆಗೆ, ಇನ್ಯಾವುದೋ ಮಗುವಿನ ಲೋಟಕ್ಕೆ ಹೋಗುತ್ತೆ.

ಬೂಷ್ಟು ಹಿಂಡಿ ಈಗಾಗಲೇ ಹಾಕಿಬಿಟ್ಟಿದ್ದರೆ ಇವತ್ತಿಂದಲೇ ನಿಲ್ಲಿಸಿ, ನಾಲ್ಕು ದಿನ ಆ ಹಾಲನ್ನು ಮನೆಗೂ ಡೇರಿಗೂ ಬಳಸಬೇಡಿ, ಕರುವಿಗೂ ಕುಡಿಸಬೇಡಿ. ಹಸು ಮೇವು ಬಿಟ್ಟಿದ್ದರೆ, ಹಾಲು ದಿಢೀರ್ ಇಳಿದಿದ್ದರೆ ಪಶುವೈದ್ಯರಿಗೆ ತೋರಿಸಿ. ಹೋಗುವಾಗ ಆ ಹಿಂಡಿಯದೊಂದು ಹಿಡಿ ಕಾಗದದಲ್ಲಿ ಕಟ್ಟಿಕೊಂಡು ಹೋಗಿ.